ಕರಾವಳಿಯ ಅಂಗಳಕ್ಕೆ ಯಾವ ಲ್ಯಾವೆಂಡರ್? ಪತ್ತನಾಜೆ ದಾಟುವ ಗಿಡದ ಲೆಕ್ಕ

ನರ್ಸರಿಯವರು ಲ್ಯಾವೆಂಡರ್ ಮಾರುವುದು ಹೂ ಇರುವಾಗ. ನಮ್ಮ ಊರಿನಲ್ಲಿ ಅದು ಸಾಯುವುದು ಮಳೆ ಇರುವಾಗ. ಹಾಗಾಗಿ ಗಿಡ ಆರಿಸುವಾಗ ನಾನೀಗ ಮೊದಲು ನೋಡುವುದು ಕ್ಯಾಲೆಂಡರು. ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿನಲ್ಲಿ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ತುಳಸಿ ಪೂಜೆಯವರೆಗೆ ಐದೂವರೆ ತಿಂಗಳು ಈ ಚಟ್ಟಿ (ಕುಂಡ) ಎಲ್ಲಿ ಕೂರುತ್ತದೆ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಯಾವ ಜಾತಿ ಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಕಲಿತದ್ದು ಸುಲಭಕ್ಕಲ್ಲ. ಮೊದಲ ಗಿಡ ತಂದದ್ದು ಚೌತಿಯ ಮರುವಾರ, ಮಂಗಳೂರಿನ ಒಂದು ನರ್ಸರಿಯಿಂದ, 250 ರೂಪಾಯಿ ಕೊಟ್ಟು. ಚೀಟಿಯಲ್ಲಿ ಬರೀ 'ಲ್ಯಾವೆಂಡರ್' ಎಂದಿತ್ತು. ಅತ್ತೆ ಒಮ್ಮೆ ತಿರುಗಿಸಿ ನೋಡಿ, "ಎಂತದು ಮಾರಾಯ್ತಿ, ಈ ನಾಲ್ಕು ಕಡ್ಡಿಗೆ ಇಷ್ಟು ಹಣವಾ? ಇದರಲ್ಲಿ ಮಲ್ಲಿಗೆಯ ಮೂರು ಗಿಡ ಬರ್ತಿತ್ತು" ಅಂದರು. ಹದಿನೈದು ದಿನ ಚೆನ್ನಾಗಿಯೇ ಇತ್ತು. ಆಮೇಲೊಂದು ಬೆಳಿಗ್ಗೆ ತುದಿಗಳು ಜೋತು ಬಿದ್ದಿದ್ದವು. ಬಾಯಾರಿಕೆ ಇರಬೇಕೆಂದು ನೀರು ಹಾಕಿದೆ. ಸಂಜೆ ಇನ್ನಷ್ಟು ಜೋತಿತು, ಇನ್ನಷ್ಟು ಹಾಕಿದೆ. ನಾಲ್ಕನೇ ದಿನ ಕಿತ್ತು ನೋಡಿದರೆ ಬೇರಿನ ಸುತ್ತ ತೆಂಗಿನ ನಾರಿನ ಪುಡಿ ಸೋಸಿದ ಚಹಾ ಚರಟದ ಹಾಗೆ ಮುದ್ದೆಯಾಗಿತ್ತು. ಒಂದು ಬೇರನ್ನು ಬೆರಳಲ್ಲಿ ಹಿಡಿದು ಎಳೆದೆ. ಕಂದು ಸಿಪ್ಪೆ ಬೆರಳಿಗೇ ಬಂತು, ಒಳಗಿನ ನೂಲಿನಂಥ ನಾರು ಮಾತ್ರ ಗಿಡದಲ್ಲಿ ಉಳಿಯಿತು. ಬೇರು ಕೊಳೆತದ್ದಕ್ಕೆ ಅದಕ್ಕಿಂತ ಸ್ಪಷ್ಟ ಗುರುತಿಲ್ಲ. ಕೊಳೆತ ಬೇರು ನೀರು ಹೀರಲಾರದು, ಆದ್ದರಿಂದ ಗಿಡ ಬಾಯಾರಿದಂತೆಯೇ ಕಾಣುತ್ತದೆ. ನಾನು ಕೊಟ್ಟ ನೀರೇ ಅದನ್ನು ಕೊಂದಿತು.

ಅಡಿಕೆ ತೋಟದವರಿಗೆ ಈ ಶತ್ರು ಹೊಸಬನಲ್ಲ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಬೂಸರಿನಂಥ ಸೂಕ್ಷ್ಮಜೀವಿ ಕುಲದ ಬೇರೆ ಪ್ರಭೇದಗಳೇ ಲ್ಯಾವೆಂಡರಿನ ಬೇರು, ಬುಡ ಎರಡನ್ನೂ ಕೊಳೆಯಿಸುತ್ತವೆ. ಅಡಿಕೆಗಾದರೆ ಬೋರ್ಡೋ ದ್ರಾವಣ ಸಿಂಪಡಿಸಬಹುದು. ಇಲ್ಲಿ ಬೇರು ಕಂದಾದ ಮೇಲೆ ಯಾವ ಮದ್ದೂ ಹತ್ತುವುದಿಲ್ಲ.

ಊರೂರಿನ ಲೆಕ್ಕ ಬೇರೆ

ಲ್ಯಾವೆಂಡರ್ ಬೆಳೆಸುವ ವಿಡಿಯೊಗಳಲ್ಲಿ ಕನ್ನಡದವು ಬಹುಪಾಲು ಬೆಂಗಳೂರಿನವು. ಅಲ್ಲಿ ಸುಮಾರು 900 ಮೀಟರ್ ಎತ್ತರ, ವರ್ಷಕ್ಕೆ 1000 ಮಿಲಿಮೀಟರ್ ಆಸುಪಾಸು ಮಳೆ, ರಾತ್ರಿ ತಂಪು. ನಮ್ಮಲ್ಲಿ ಮಳೆ ಅದರ ನಾಲ್ಕು ಪಟ್ಟು, ಅದೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜನವರಿಯ ರಾತ್ರಿಯೂ 20 ಡಿಗ್ರಿಯ ಕೆಳಗೆ ಇಳಿಯುವುದು ಅಪರೂಪ. ಕಾಶ್ಮೀರದ ಕಡೆಯ ಸುದ್ದಿ ನೋಡಿ ಆಸೆಪಟ್ಟವರೂ ಇದ್ದಾರೆ. ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾಹದಲ್ಲಿ ಕೇಂದ್ರದ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಅರೋಮಾ ಮಿಷನ್ ಎಂಬ ಸುಗಂಧ ಬೆಳೆ ಯೋಜನೆಯಡಿ ರೈತರು ಮೆಕ್ಕೆಜೋಳ ಬಿಟ್ಟು ಲ್ಯಾವೆಂಡರ್ ಹಾಕಿದ್ದಾರೆ, ಅದನ್ನು 'ನೇರಳೆ ಕ್ರಾಂತಿ' ಅನ್ನುತ್ತಾರೆ. ಆದರೆ ಅದು ಹಿಮ ಬೀಳುವ ಬೆಟ್ಟದ ಊರು. ಉಡುಪಿ ಹತ್ತಿರದ ಕಟಪಾಡಿಯ ಗದ್ದೆ ಬದಿಗೆ ಅಲ್ಲಿಯ ಪಾಠ ಬರುವುದಿಲ್ಲ.

ಇನ್ನು ಮಣ್ಣು. ಲ್ಯಾವೆಂಡರಿಗೆ ಸುಣ್ಣದಂಶದ ಮಣ್ಣು ಇಷ್ಟ, ರಸಸಾರ (pH) 6.5ರಿಂದ 7.5. ನಮ್ಮ ಕೆಂಪುಕಲ್ಲಿನ ಮಣ್ಣು ಹುಳಿ. ನೆಲದಲ್ಲಿ ನೆಡುವ ಯೋಚನೆ ಬಿಡಿ, ಇಲ್ಲಿ ಲ್ಯಾವೆಂಡರ್ ಅಂದರೆ ಚಟ್ಟಿಯ ಗಿಡ.

ನಾಲ್ಕು ಲ್ಯಾವೆಂಡರುಗಳು, ನಾಲ್ಕು ವಾಸನೆಗಳು

ಎಲ್ಲದಕ್ಕೂ ಒಂದೇ ಹೆಸರು ಹಚ್ಚಿ ಮಾರುವುದರಿಂದ ಗೊಂದಲ ಶುರುವಾಗುತ್ತದೆ. ಸಾಬೂನಿನ, ಅತ್ತರಿನ, ನಾವು ನೆನೆಸಿಕೊಳ್ಳುವ ಆ ಮೃದು ಪರಿಮಳ ಇಂಗ್ಲಿಷ್ ಲ್ಯಾವೆಂಡರಿನದು, ಲವಾಂಡ್ಯುಲಾ ಅಂಗುಸ್ಟಿಫೋಲಿಯಾ. ಅದರ ಎಣ್ಣೆಯಲ್ಲಿ ಮುಖ್ಯವಾದವು ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್. (ಲಿನಲೂಲ್ ಎಂದರೆ ದೂರದ್ದೇನಲ್ಲ, ಕೊತ್ತಂಬರಿ ಬೀಜದ ಎಣ್ಣೆಯ ಮುಖ್ಯ ಅಂಶವೂ ಅದೇ. ಸಾಂಬಾರಿಗೆ ಹುರಿಯುವ ಮೊದಲು ನಾಲ್ಕು ಬೀಜ ಜಜ್ಜಿ ಮೂಸಿ ನೋಡಿ, ಹಿಂದೆಲ್ಲೋ ಲ್ಯಾವೆಂಡರಿನ ಛಾಯೆ ಇರುತ್ತದೆ.) ಪರಿಮಳಕ್ಕೆ ಇದೇ ರಾಜ, ಕರಾವಳಿಗೆ ಇದೇ ಕೊನೆಯ ಆಯ್ಕೆ. ಚೆನ್ನಾಗಿ ಹೂ ಬಿಡಲು ಅದಕ್ಕೆ ಚಳಿ ಬೇಕು, ನಮ್ಮಲ್ಲಿ ಚಳಿಯೇ ಇಲ್ಲ. ನವೆಂಬರಿನಲ್ಲಿ ಹೂವಿರುವ ಗಿಡ ತಂದು, ಮೇ ತನಕ ಸೇವಂತಿಗೆಯ ಹಾಗೆ ಒಂದು ಋತುವಿಗೆ ಇಟ್ಟುಕೊಂಡು, ಮಳೆಗೆ ಕಳಿಸಿಕೊಡುವ ಮನಸ್ಸಿದ್ದರೆ ತನ್ನಿ. ವರ್ಷಗಟ್ಟಲೆ ಸಾಕುವ ಆಸೆಯಿಂದ ತರಬೇಡಿ.

ಫ್ರೆಂಚ್ ಎಂದೂ ಸ್ಪ್ಯಾನಿಷ್ ಎಂದೂ ಕರೆಯುವ ಸ್ಟೀಕಸ್ ಲ್ಯಾವೆಂಡರನ್ನು ಹೂ ನೋಡಿದರೆ ಗುರುತಿಸಬಹುದು, ತೆನೆಯ ತಲೆಯ ಮೇಲೆ ಮೊಲದ ಕಿವಿಯಂತೆ ಎರಡು ಮೂರು ನೇರಳೆ ಎಸಳು ನಿಂತಿರುತ್ತವೆ. ಇದು ತನ್ನ ಊರಲ್ಲೂ ಹುಳಿಮಣ್ಣಿನಲ್ಲಿ ಬೆಳೆಯುವ ಗಿಡ, ಹಾಗಾಗಿ ಸುಣ್ಣದ ತಲೆನೋವು ಕಡಿಮೆ. ನೋಡಲು ಎಲ್ಲಕ್ಕಿಂತ ಚಂದ. ವಾಸನೆ ಮಾತ್ರ ಕರ್ಪೂರದ ಡಬ್ಬಿ ತೆರೆದ ಹಾಗೆ. ದೇವರ ಕೋಣೆಯ ಬಾಗಿಲಲ್ಲಿ ಇಡಬಹುದು, ದಿಂಬಿನ ಚೀಲಕ್ಕೆ ಹಾಕಲು ನನಗಂತೂ ಮನಸ್ಸಾಗಲಿಲ್ಲ.

ನನ್ನ ಮತ ಮೂರನೆಯದಕ್ಕೆ, ಡೆಂಟಾಟಾ. ಎಲೆಯ ಅಂಚು ಸಣ್ಣ ಗರಗಸದಂತೆ ಕಚ್ಚುಕಚ್ಚಾಗಿರುತ್ತದೆ, ಕೊಳ್ಳುವಾಗ ಅಂಗೈಯಲ್ಲಿ ಎಲೆ ಹಿಡಿದು ಇದನ್ನೇ ನೋಡಿ, ಚೀಟಿಯನ್ನು ನಂಬಬೇಡಿ. ಚಳಿಯಿಲ್ಲದೆಯೂ ಹೂ ಬಿಡುತ್ತದೆ, ತೇವದ ಗಾಳಿಯನ್ನು ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ತಾಳುತ್ತದೆ. ಪರಿಮಳದಲ್ಲಿ ನೀಲಗಿರಿ ಎಣ್ಣೆಯ ತೀಕ್ಷ್ಣತೆ ಇದೆ, ಯಾಕೆಂದರೆ ನೀಲಗಿರಿಯ ಮುಖ್ಯ ಅಂಶವಾದ ಸಿನಿಯೋಲ್ ಇದರಲ್ಲೂ ಹೆಚ್ಚು. ಹೂವಿಗಿಂತ ಎಲೆಯೇ ಘಮ. ಸಂಜೆ ಹಾದುಹೋಗುವಾಗ ಕೈ ಸವರಿದರೆ ಬೆರಳಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಅತ್ತರಿನ ಲ್ಯಾವೆಂಡರ್ ಇದಲ್ಲ ಅನ್ನುವುದನ್ನು ಒಪ್ಪಿಕೊಂಡೇ ತರಬೇಕು.

ನಾಲ್ಕನೆಯದು ಮಲ್ಟಿಫಿಡಾ, ಜರಿಗಿಡದಂಥ ಎಲೆಯದು. ಬೀಜ ಬೇಗ ಮೊಳೆಯುತ್ತದೆ, ಸೆಕೆಗೆ ಅಂಜುವುದಿಲ್ಲ, ಬೇಗ ಹೂ. ಹಾಗಿದ್ದರೆ ಇದೇ ಸಾಕಲ್ಲ ಅನ್ನಿಸುತ್ತದೆ, ಎಲೆ ಮೂಸುವವರೆಗೆ. ಅದರ ಎಣ್ಣೆಯಲ್ಲಿ ಮುಖ್ಯವಾಗಿರುವುದು ಕಾರ್ವಕ್ರೋಲ್, ನಮ್ಮ ಅಡುಗೆಮನೆ ಹಿಂದೆ ಬಚ್ಚಲ ನೀರು ಹರಿಯುವ ಕಡೆ ಕೇಳದೆ ಬೆಳೆಯುವ ದೊಡ್ಡಪತ್ರೆಯಲ್ಲಿ ಇರುವುದೂ ಅದೇ. ತಂಬುಳಿ ಮಾಡುವ ಪರಿಮಳಕ್ಕೆ ಲ್ಯಾವೆಂಡರಿನ ಬೆಲೆ ಕೊಡುವುದು ಬೇಡ. ನೇರಳೆ ಬಣ್ಣದ ಆಸೆ ಮಾತ್ರ ಇದ್ದವರಿಗೆ ಸರಿ. ಬಣ್ಣ ಒಂದೇ ಸಾಕಾದರೆ ಅಂಗೆಲೋನಿಯಾ ಇನ್ನೂ ಒಳ್ಳೆಯದು, ದೂರದಿಂದ ಲ್ಯಾವೆಂಡರಿನಂತೆಯೇ ಕಾಣುತ್ತದೆ, ಸೆಕೆ, ತೇವ ಎರಡನ್ನೂ ನುಂಗುತ್ತದೆ.

ಲ್ಯಾವಂಡಿನ್ ಎಂಬ ಮಿಶ್ರತಳಿಯೂ ಇದೆ, ಇಲ್ಲಿಯ ನರ್ಸರಿಗಳಲ್ಲಿ ನಾನು ಕಂಡಿಲ್ಲ. ಅದು ಬೀಜ ಕಟ್ಟದ ಬಂಜೆ ಗಿಡ, ಕಡ್ಡಿಯಿಂದ ಮಾತ್ರ ಬರುವಂಥದ್ದು. ಹಾಗಾಗಿ ಆನ್‌ಲೈನಿನಲ್ಲಿ ಯಾರಾದರೂ 'ಗ್ರೊಸ್ಸೊ ಲ್ಯಾವೆಂಡರ್ ಬೀಜ' (ಗ್ರೊಸ್ಸೊ ಲ್ಯಾವಂಡಿನ್ನಿನದೇ ಒಂದು ತಳಿ) ಅಂತ ಪೊಟ್ಟಣ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಬೀಜವೋ ಗಿಡವೋ

ಗಿಡ. ಇಂಗ್ಲಿಷ್ ಲ್ಯಾವೆಂಡರಿನ ಬೀಜವನ್ನು ಒದ್ದೆ ಹೊಯಿಗೆಯಲ್ಲಿ (ಮರಳಿನಲ್ಲಿ) ಬೆರೆಸಿ ಎರಡರಿಂದ ನಾಲ್ಕು ವಾರ ಫ್ರಿಜ್‌ನಲ್ಲಿಟ್ಟು ಚಳಿ ತೋರಿಸಬೇಕು, ಆಮೇಲೆ ಮಣ್ಣಿನ ಮೇಲೆ ಚೆಲ್ಲಿ ಮುಚ್ಚದೆ ಬಿಡಬೇಕು, ಮೊಳಕೆಗೆ ಬೆಳಕು ಬೇಕು. ಅಷ್ಟು ಮಾಡಿದರೂ ಮೊಳಕೆ ಎರಡು ಮೂರು ವಾರ ಕಾಯಿಸುತ್ತದೆ, ಮೊದಲ ವರ್ಷ ಹೂ ಬರುವ ಭರವಸೆ ಇಲ್ಲ. ನಮ್ಮಲ್ಲಿರುವುದೇ ನವೆಂಬರಿನಿಂದ ಮೇ ತನಕದ ಒಣ ಕಾಲ, ಅದರ ಅರ್ಧವನ್ನು ಬೀಜ ತಿನ್ನುತ್ತದೆ. ಹೂ ಕಾಣುವ ಮೊದಲೇ ಮಳೆ ಬಾಗಿಲಿಗೆ ಬಂದಿರುತ್ತದೆ.

ಗಿಡ ತಂದ ದಿನವೇ ಮಾಡಬೇಕಾದ ಒಂದು ಕೆಲಸವಿದೆ, ನನ್ನ ಮೊದಲ ಗಿಡಕ್ಕೆ ಮಾಡದೆ ಬಿಟ್ಟದ್ದು. ನರ್ಸರಿಯ ಚೀಲ ಹರಿದು, ಬೇರಿನ ಸುತ್ತಲಿನ ತೆಂಗಿನ ನಾರಿನ ಪುಡಿಯನ್ನು ಬಕೆಟ್ ನೀರಲ್ಲಿ ಅಲುಗಾಡಿಸಿ ಆದಷ್ಟು ಬಿಡಿಸಿ. ಮಲ್ಲಿಗೆಗೆ, ಆಂಥೂರಿಯಂಗೆ ಅದು ಅಮೃತ, ಲ್ಯಾವೆಂಡರಿಗೆ ಒದ್ದೆ ಕಂಬಳಿ. ಇದನ್ನು ಚಳಿಗಾಲದಲ್ಲೇ ಮಾಡಿ, ಗಿಡ ಸುಧಾರಿಸಲು ಎರಡು ವಾರ ನೆರಳಲ್ಲಿಡಿ.

ಚಟ್ಟಿ, ಮಣ್ಣು, ಮರುವಾಯಿ ಚಿಪ್ಪು

ಪ್ಲಾಸ್ಟಿಕ್ ಚಟ್ಟಿ, ಗ್ರೋಬ್ಯಾಗ್, ಮಣ್ಣಿನ ಚಟ್ಟಿ ಮೂರನ್ನೂ ಪ್ರಯತ್ನಿಸಿದ್ದೇನೆ. ಮಣ್ಣಿನದಕ್ಕೆ ಸಾಟಿಯಿಲ್ಲ, ಅದರ ಗೋಡೆಯೇ ತೇವ ಹೀರಿ ಹೊರಗೆ ಬಿಡುತ್ತದೆ. ಎಂಟರಿಂದ ಹತ್ತು ಇಂಚಿನದು ಸಾಕು. ಗಿಡಕ್ಕಿಂತ ಬಹಳ ದೊಡ್ಡ ಚಟ್ಟಿಯಾದರೆ ಬೇರು ತಲುಪದ ಕಡೆ ನೀರು ಕೂರುತ್ತದೆ. ಗ್ರೋಬ್ಯಾಗ್ ಬೇಸಿಗೆಯಲ್ಲಿ ಪರವಾಗಿಲ್ಲ, ಆದರೆ ಮಳೆಗಾಲದಲ್ಲಿ ಎತ್ತಿ ಇಡುವಾಗ ಮಣ್ಣು ಅಲುಗಾಡಿ ಬೇರು ಹರಿಯುತ್ತದೆ. ಚಟ್ಟಿಯ ಕೆಳಗೆ ನೀರಿನ ತಟ್ಟೆ ಇಡಲೇಬೇಡಿ. ಬೇರಿಗೂ ಕೇಡು, ಡೆಂಗಿ ಸೊಳ್ಳೆಗೆ ತೊಟ್ಟಿಲು ಬೇರೆ. ಲ್ಯಾವೆಂಡರ್ ಇಟ್ಟರೆ ಸೊಳ್ಳೆ ಬರುವುದಿಲ್ಲ ಎಂದು ಹೇಳಿ ಮಾರುವವರಿದ್ದಾರೆ. ಚಟ್ಟಿಯಲ್ಲಿ ಸುಮ್ಮನೆ ನಿಂತ ಗಿಡ ಸೊಳ್ಳೆ ಓಡಿಸುವುದಿಲ್ಲ, ನಮ್ಮ ಜಗಲಿಯಲ್ಲಿ ಗಿಡದ ಪಕ್ಕ ಕೂತೇ ನಾನು ಕಚ್ಚಿಸಿಕೊಂಡಿದ್ದೇನೆ.

ಮಣ್ಣಿನ ಮಿಶ್ರಣಕ್ಕೆ ಪೇಟೆಗೆ ಹೋಗುವ ಅಗತ್ಯ ಬೀಳಲಿಲ್ಲ. ಹೊಳೆಯ ದಪ್ಪ ಹೊಯಿಗೆ ಎರಡು ಪಾಲು. ಕಡಲಿನದು ಬೇಡ, ಉಪ್ಪು. ಒಡೆದ ಹಂಚಿನ ಚೂರು ಒಂದು ಪಾಲು, ಕಡಲೆಕಾಳಿನ ಗಾತ್ರಕ್ಕೆ ಜಜ್ಜಿದ್ದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಊರುಗಳಲ್ಲಿ ಒಡೆದ ಹಂಚಿಗೆ ಬರ ಬಂದಿಲ್ಲ, ಪ್ರತಿ ಹಿತ್ತಿಲಲ್ಲೂ ಒಂದು ರಾಶಿ ಇದ್ದೇ ಇದೆ. ಅಂಗಳದ ಮಣ್ಣು ಒಂದು ಪಾಲು, ಹಳೆಯ ಹಟ್ಟಿಗೊಬ್ಬರ ಅರ್ಧ ಪಾಲಿಗಿಂತ ಹೆಚ್ಚು ಬೇಡ. ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗಿ ಬೆಳೆದು ಪರಿಮಳ ಸಪ್ಪೆಯಾಗುತ್ತದೆ.

ಹುಳಿ ಕಳೆಯಲು ಎರಡು ದಾರಿ. ಬಚ್ಚಲೊಲೆಯ ಬೂದಿ ಒಂದು ಹಿಡಿ, ಇದು ತಕ್ಷಣ ಕೆಲಸ ಮಾಡಿ ಮಳೆಗೆ ತೊಳೆದುಹೋಗುತ್ತದೆ. ಇನ್ನೊಂದು ಮರುವಾಯಿಯ, ಅಂದರೆ ಅಡುಗೆಗೆ ತರುವ ಕಪ್ಪೆಚಿಪ್ಪಿನ, ಚಿಪ್ಪು. ಭಾನುವಾರ ಮರುವಾಯಿ ಪುಂಡಿ ಮಾಡುವ ಮನೆಯಾದರೆ ಚಿಪ್ಪು ಬಿಸಾಡಬೇಡಿ. ಎರಡು ಮೂರು ಸಲ ನೀರಲ್ಲಿ ನೆನೆಸಿ ಉಪ್ಪು ಕಳೆದು, ಒಂದು ವಾರ ಬಿಸಿಲಿಗೆ ಹಾಕಿ, ಗೋಣಿಚೀಲದೊಳಗಿಟ್ಟು ಕಲ್ಲಿನಿಂದ ಜಜ್ಜಿ. ಚೂರು ನಿಧಾನವಾಗಿ ಕರಗಿ ವರ್ಷವಿಡೀ ಸುಣ್ಣ ಬಿಡುತ್ತದೆ, ಮಣ್ಣಿನಲ್ಲಿ ಗಾಳಿಗೆ ದಾರಿಯೂ ಆಗುತ್ತದೆ. ಮೇಲ್ಪದರಕ್ಕೂ ಅದನ್ನೇ ಒಂದು ಬೆರಳು ದಪ್ಪ ಹರಡಿದ್ದೇನೆ. ಕೆಳಗಿನ ಎಲೆಗಳು ಒದ್ದೆ ಮಣ್ಣಿಗೆ ತಾಗದೆ ಒಣಗಿರುತ್ತವೆ. ಪಕ್ಕದ ಮನೆಯ ಅಕ್ಕ ಸಸ್ಯಾಹಾರಿ, "ನಂಗೆ ನಿನ್ನ ಚಿಪ್ಪೆಲ್ಲ ಬೇಡ" ಅಂತ ವೀಳ್ಯಕ್ಕೆ ತರುವ ಸುಣ್ಣವನ್ನೇ ಚಿಟಿಕೆ ಕದಡಿ ಹಾಕುತ್ತಾರೆ. ಆ ಸುಣ್ಣವೂ ಬಹಳಷ್ಟು ಕಡೆ ಚಿಪ್ಪು ಸುಟ್ಟು ಮಾಡಿದ್ದೇ ಎಂದು ನಾನವರಿಗೆ ಹೇಳಿಲ್ಲ.

ನೀರು: ಬೆರಳನ್ನು ಎರಡು ಗೆಣ್ಣು ಇಳಿಸಿ, ಒಣಗಿದ್ದರೆ ಮಾತ್ರ. ಏಪ್ರಿಲಿನಲ್ಲಿ ಟೆರೇಸಿನ ಕಾಂಕ್ರೀಟ್ ಕಾದು ಚಟ್ಟಿಯ ಬೇರು ಬೇಯುತ್ತದೆ, ಆಗ ಪೂರ್ವದ ಬಿಸಿಲು ಬೀಳುವ ಕಡೆಗೆ ಸರಿಸಿ, ಕೆಳಗೆ ಎರಡು ಇಟ್ಟಿಗೆ ಕೊಡಿ.

ಯಾರ ಮನೆಗೆ ಯಾವುದು

ಟೆರೇಸಿಗೆ ಶೀಟು ಹಾಕಿಸಿದ ಮನೆ ಲ್ಯಾವೆಂಡರಿಗೆ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲೂ ನಡುವೆ ಒಂದೆರಡು ಪಾರದರ್ಶಕ ಶೀಟು ಇದ್ದರೆ. ಮಳೆ ತಾಗದು, ಬೆಳಕು ಬರುತ್ತದೆ, ಗಾಳಿ ನಾಲ್ಕೂ ಕಡೆಯಿಂದ. ಇಂಥವರು ಡೆಂಟಾಟಾ ತಂದು ಎರಡು ಮೂರು ವರ್ಷ ಉಳಿಸಿಕೊಳ್ಳಬಹುದು.

ಮಂಗಳೂರಿನ ಫ್ಲ್ಯಾಟಿನವರು ಬಾಲ್ಕನಿ ಯಾವ ದಿಕ್ಕಿಗೆ ಅನ್ನುವುದನ್ನು ನೋಡಬೇಕು. ಪೂರ್ವಕ್ಕಿದ್ದರೆ ಆಗಬಹುದು. ಪಶ್ಚಿಮಕ್ಕಿದ್ದರೆ ಕಡಲಗಾಳಿಯ ಜೊತೆ ಜೂನಿನ ಎರಚಲು ನೇರ ಒಳಗೇ ಬರುತ್ತದೆ, ಅಂಥವರು ಒಂದು ಋತುವಿನ ಗಿಡವೆಂದೇ ಲೆಕ್ಕ ಹಾಕಿ ಸ್ಟೀಕಸ್ ತರಲಿ, ಕಣ್ಣಿಗಾದರೂ ಹಬ್ಬ.

ಮರಗಳ ನೆರಳಿನ ಹಳೆಯ ಹಂಚಿನ ಮನೆ, ತೆಂಗು, ಹಲಸು, ಅಂಗಳಕ್ಕೆ ಮೂರು ಗಂಟೆ ಬಿಸಿಲು ಅನ್ನುವವರಿಗೆ ನಾನು ಲ್ಯಾವೆಂಡರ್ ಬೇಡವೆಂದೇ ಹೇಳುವುದು. ಅದಕ್ಕೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ನಿಮ್ಮ ಹಿತ್ತಿಲಿಗೆ ಹೇಳಿಮಾಡಿಸಿದ ಬೇರೆ ಪರಿಮಳಗಳಿವೆ.

ಲ್ಯಾವೆಂಡರ್ ಅಲ್ಲದಿದ್ದರೆ

ಪರಿಮಳ ಯಾತಕ್ಕೆ ಬೇಕು ಅನ್ನುವುದರ ಮೇಲೆ ಹೋಗುತ್ತದೆ. ಬಟ್ಟೆಯ ಕಪಾಟಿಗಾದರೆ ಲಾವಂಚ. ಹೆಸರು ಕೇಳಿದರೆ ಲ್ಯಾವೆಂಡರಿನ ದಾಯಾದಿ ಅನ್ನಿಸುತ್ತದೆ, ಸಂಬಂಧವೇನಿಲ್ಲ, ಇದು ಹುಲ್ಲು, ಘಮ ಇರುವುದು ಬೇರಿನಲ್ಲಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬೆಲ್ಟು, ಚಪ್ಪಲಿಗೂ ಬೂಸರು ಹಿಡಿಯುವ ನಮ್ಮ ಕಪಾಟುಗಳಲ್ಲಿ ಸೀರೆಯ ನಡುವೆ ಒಂದು ಕಟ್ಟು ಬೇರು ಇಟ್ಟರೆ ವರ್ಷಗಟ್ಟಲೆ ಮಂದ ಪರಿಮಳ ಇರುತ್ತದೆ, ಒಣಗಿದ ಲ್ಯಾವೆಂಡರ್ ಹೂವಿನದು ಅಷ್ಟು ಬಾಳಿಕೆಯಲ್ಲ. ಪ್ರವಾಹಕ್ಕೂ ಜಗ್ಗದ, ಬಿಸಿಲಿಗೂ ಒಣಗದ ಗಿಡ. ನೆಲದಲ್ಲಿ ನೆಟ್ಟರೆ ಬೇರು ಆಳಕ್ಕೆ ಇಳಿದು ಅಗೆಯುವುದೇ ಸಾಹಸ. ಹಳೆಯ ಸಿಮೆಂಟ್ ಚೀಲದಲ್ಲಿ ಹೊಯಿಗೆ ಬೆರೆಸಿದ ಮಣ್ಣು ತುಂಬಿ ನೆಡಿ, ಹದಿನೈದು, ಹದಿನೆಂಟು ತಿಂಗಳಿಗೆ ಚೀಲ ಸೀಳಿದರೆ ಬೇರು ಇಡಿಯಾಗಿ ಬರುತ್ತದೆ. ತೊಳೆದು ನೆರಳಲ್ಲಿ ಒಣಗಿಸಿ.

ನೆರಳಿನ ಹಿತ್ತಿಲಿಗೆ ಪಚ್ಚೆತೆನೆ. ಅದರ ಒಡಹುಟ್ಟಾದ ಪಚೋಲಿಯ ಒಣ ಎಲೆಯನ್ನು ಹುಳ ತಿನ್ನದಿರಲೆಂದು ಕಾಶ್ಮೀರಿ ಶಾಲುಗಳ ಮಡಿಕೆಯಲ್ಲಿಟ್ಟು 19ನೇ ಶತಮಾನದಲ್ಲಿ ಯುರೋಪಿಗೆ ಕಳಿಸುತ್ತಿದ್ದರು. ಹಸಿ ಎಲೆಗಿಂತ ಒಣಗಿದ್ದು ಹೆಚ್ಚು ಘಮ. ಮಳೆ, ತೇವ, ನೆರಳು, ಲ್ಯಾವೆಂಡರ್ ದ್ವೇಷಿಸುವ ಮೂರೂ ಇದಕ್ಕೆ ಪ್ರಿಯ. ದವನ, ಮರುಗ ಮುಡಿಗೆ ಚೆನ್ನ, ಆದರೆ ಅವೂ ಮಳೆಗೆ ಕೊಳೆಯುವವೇ, ಚಳಿಗಾಲಕ್ಕೆ ಮಾತ್ರ.

ಇನ್ನು ಮಲ್ಲಿಗೆ. ಅತ್ತೆಯ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ಭೌಗೋಳಿಕ ಸೂಚಕ ಪಡೆದ ಉಡುಪಿ ಮಲ್ಲಿಗೆ ಶಂಕರಪುರದ ಕೆಂಪು ಮಣ್ಣಿನಲ್ಲೇ ಬೆಳೆದದ್ದು. ಹುಳಿಮಣ್ಣು ತಿದ್ದಬೇಕಿಲ್ಲ, ಚಳಿ ತೋರಿಸಬೇಕಿಲ್ಲ. ಟೆರೇಸಿನ ಚಟ್ಟಿಗಳಲ್ಲಿ ಬೆಳೆದು ಸಂಸಾರ ತೂಗಿಸಿದ ಹೆಂಗಸರು ನಮ್ಮ ಬೀದಿಯಲ್ಲೇ ಇದ್ದಾರೆ. ಬಾಳೆನಾರಿನಲ್ಲಿ ಕಟ್ಟಿ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ. ಲ್ಯಾವೆಂಡರಿಗೆ ಈ ಊರಲ್ಲಿ ಅಟ್ಟೆಯ ದರವಿಲ್ಲ. ಆದರೆ ಮಲ್ಲಿಗೆಯ ಪರಿಮಳ ಅಂದಂದಿನದು, ಮರುದಿನಕ್ಕೆ ಕಂದು. ಒಣಗಿದ ಮೇಲೂ ಉಳಿಯುವ ಗಂಧ ಬೇಕೆಂದೇ ನಾನು ಲ್ಯಾವೆಂಡರಿನ ಹಿಂದೆ ಬಿದ್ದದ್ದು.

ಮಳೆಗೆ ಮುಂಚೆ

ಡೆಂಟಾಟಾ ತಂದವರು ಫೆಬ್ರವರಿಯಲ್ಲೇ ಹೂವಿಲ್ಲದ ಎಳೆಯ ಕಡ್ಡಿಗಳನ್ನು ಗೇಣರ್ಧ ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, ಒದ್ದೆ ಹೊಯಿಗೆಯಲ್ಲಿ ಊರಿ ನೆರಳಲ್ಲಿಡಿ. ತಿಂಗಳು, ಒಂದೂವರೆ ತಿಂಗಳಿಗೆ ಬೇರು. ತಾಯಿಗಿಡ ಹೋದರೂ ಮಕ್ಕಳು ಇರುತ್ತವೆ, ಸಣ್ಣ ಚಟ್ಟಿಗಳಿಗೆ ಮಾಡಿನ ಕೆಳಗೆ ಜಾಗ ಹೊಂದಿಸುವುದೂ ಸುಲಭ. ಹೂ ಮುಗಿದ ಮೇಲೆ ತಾಯಿಗಿಡವನ್ನು ಮೂರನೇ ಒಂದು ಭಾಗ ಸವರಿ, ಹಸಿರು ಎಲೆ ಇರುವಲ್ಲಿಗೆ ನಿಲ್ಲಿಸಿ. ಬರೀ ಕಟ್ಟಿಗೆಯಾದ ಭಾಗಕ್ಕೆ ಕತ್ತರಿ ಹಾಕಿದರೆ ಅಲ್ಲಿಂದ ಚಿಗುರುವುದಿಲ್ಲ. ಪತ್ತನಾಜೆಯ ಹಿಂದಿನ ವಾರ ಚಟ್ಟಿಗಳನ್ನು ಒಳಗೆ ತಂದು, ಒಂದಕ್ಕೊಂದು ಎಲೆ ತಾಗದಂತೆ ಒಂದು ಮೊಳ ಅಂತರಕ್ಕಿಡಿ. ಜುಲೈಯಲ್ಲಿ ಹತ್ತು ದಿನಕ್ಕೊಮ್ಮೆ ಅರ್ಧ ಲೋಟ ನೀರು ಸಾಕು, ಅದೂ ಬೆರಳಿಟ್ಟು ನೋಡಿದ ಮೇಲೆ. ಕಳೆದ ಆಟಿಯಲ್ಲಿ ನನ್ನ ಐದರಲ್ಲಿ ಮೂರು ಉಳಿದವು. ಹೋದ ಎರಡೂ ಗೋಡೆಗೆ ಒರಗಿಸಿ ಇಟ್ಟವು, ಗಾಳಿಯಾಡದ ಮೂಲೆಯಲ್ಲಿ.